ದೋಣಿಗೆ ಫಿಶ್ ಫೈಂಡರ್ ಆರಿಸುವಾಗ
ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುವುದರೊಳಗೆ, ಕಾರವಾರದ ಬೈತಖೋಲ ಬಂದರಿನಲ್ಲಿರುವ ಅಣ್ಣನ ದೋಣಿಗೆ ಜಿಪಿಎಸ್ ಇರುವ ಫಿಶ್ ಫೈಂಡರ್ (ನೀರಿನಡಿಯ ಮೀನು, ತಳಗಳನ್ನು ಪರದೆಯಲ್ಲಿ ತೋರಿಸುವ ಯಂತ್ರ) ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಂಗಡಿಯವರು ಪರದೆಯ ಅಗಲವನ್ನು ಹೊಗಳುತ್ತಾರೆ. ನಾನು ಮೊದಲು ವಿಚಾರಿಸುವುದು ದೋಣಿಯ ತಳಕ್ಕೆ ಕೂರಿಸುವ, ನೀರಿಗೆ ಧ್ವನಿತರಂಗ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಬಗ್ಗೆ. 200 ಕಿಲೋಹರ್ಟ್ಸ್‌ನ ಧ್ವನಿತರಂಗ ನಮ್ಮ ದಂಡೆಯ ಆಳ ಕಡಿಮೆಯಿರುವ ನೀರಿನಲ್ಲಿ ತಳದ ಕಲ್ಲು, ಕೆಸರುಗಳನ್ನು ಬಿಡಿಸಿ ತೋರಿಸುತ್ತದೆ. 50 ಕಿಲೋಹರ್ಟ್ಸ್‌ನದು ಹೆಚ್ಚು ಆಳಕ್ಕೆ ಇಳಿಯುತ್ತದೆಯಾದರೂ ಚಿತ್ರ ಅಷ್ಟು ಸ್ಪಷ್ಟವಿರದು. ಟ್ರಾನ್ಸ್‌ಡ್ಯೂಸರನ್ನು ಪ್ರೊಪೆಲ್ಲರ್ ಎಬ್ಬಿಸುವ ಗುಳ್ಳೆಗಳಿಂದ ದೂರ ಕೂರಿಸದಿದ್ದರೆ ಎಂಥ ದುಬಾರಿ ಯಂತ್ರವೂ ತಡವರಿಸುತ್ತದೆ. ಜಿಪಿಎಸ್ ಬೇಕಿರುವುದು ಮುಖ್ಯವಾಗಿ ಬಲೆ ಹರಿಯುವ ಬಂಡೆಗಳನ್ನು ಗುರುತು ಹಾಕಿಡಲು: ಗುಡ್ಡದ ತುದಿಯನ್ನೂ ದೇವಗಡ ದ್ವೀಪದ ದೀಪಸ್ತಂಭವನ್ನೂ ನೋಡಿಕೊಂಡು ಅಪ್ಪ ನೆನಪಿಟ್ಟಿರುವ ಆ ಜಾಗಗಳನ್ನು, ಅವರನ್ನೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಒಂದೊಂದಾಗಿ ಅದರಲ್ಲಿ ದಾಖಲಿಸಬೇಕೆಂದಿದ್ದೇನೆ.