ಕುಶಾಲತೋಪು, ಗುಂಡುಸೂಜಿ ಮತ್ತು ನಮ್ಮ ಬಾಬಿನ್

ಮೈಸೂರಿನ ಇಟ್ಟಿಗೆಗೂಡಿನಲ್ಲಿ ಇರುವವರಿಗೆ ಸಿಂಹದ ಗರ್ಜನೆ ದೊಡ್ಡ ವಿಷಯವೇ ಅಲ್ಲ. ಮೃಗಾಲಯ ಪಕ್ಕದಲ್ಲೇ ಇದೆ. ಬೆಳಗಿನ ಜಾವ ಗರ್ಜನೆ ಕೇಳಿಸುತ್ತದೆ, ನಾವು ನಮ್ಮ ಪಾಡಿಗೆ ಹಾಲು ತಂದು ಕಾಫಿ ಕಾಯಿಸುತ್ತೇವೆ. ನಮ್ಮ ನಾಯಿ ಬಾಬಿನ್ ಕೂಡ ಅಷ್ಟೇ. ಒಂದು ಕಿವಿ ಎತ್ತುತ್ತಾನೆ, ಮತ್ತೆ ಮಲಗುತ್ತಾನೆ. ಆದರೆ ಗೂಡ್ಸ್ ಆಟೋದವರು ಹಿಂದಿನ ತಗಡಿನ ಬಾಗಿಲನ್ನು ಧಡ್ ಅಂತ ಬೀಳಿಸಿದರೆ ಮುಗಿಯಿತು. ನನ್ನ ಕಟಿಂಗ್ ಟೇಬಲ್ ಕೆಳಗೆ ನುಗ್ಗಿ, ಗೋಡೆಗೆ ಬೆನ್ನು ಒತ್ತಿ ಕೂತುಬಿಡುತ್ತಾನೆ.

ಸಿಂಹಕ್ಕೆ ಹೆದರದವನು ಆಟೋಗೆ ಹೆದರುತ್ತಾನೆ ಅಂತ ಗಿರಾಕಿಗಳು ನಗುತ್ತಾರೆ. ನಗುವಂಥದ್ದೇನಿಲ್ಲ. ನಾಯಿಮರಿಗೆ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಏನೇನು ನೋಡಿ, ಕೇಳಿ, ಮೂಸಿ ಅಪಾಯವಿಲ್ಲ ಅಂತ ಗೊತ್ತಾಗುತ್ತದೋ ಅದೆಲ್ಲ ಅದಕ್ಕೆ ಮಾಮೂಲಿಯಾಗುತ್ತದೆ. ಬಾಬಿನ್ ಹುಟ್ಟಿದ್ದೇ ನಮ್ಮ ಬೀದಿಯ ಮೋರಿ ಪಕ್ಕದಲ್ಲಿ. ಸಿಂಹದ ಸದ್ದು ಅವನಿಗೆ ಜೋಗುಳದ ಜೊತೆಗೇ ಬಂದಿದೆ. ತಗಡಿನ ಬಾಗಿಲು ಎಲ್ಲೋ ಆಮೇಲೆ ಬಂತು, ಬಹುಶಃ ಬಾಲದ ಪಕ್ಕದಲ್ಲೇ ಬಿತ್ತು. ಅದು ಅವನಿಗೆ ಮಾತ್ರ ಗೊತ್ತು.

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸ್, ಫಾಲ್, ಪಿಕೋ, ಮಕ್ಕಳ ಯೂನಿಫಾರ್ಮು. ಅಂಗಡಿಗೆ ಕಾಲಿಟ್ಟ ದಿನವೇ ಹೊಲಿಗೆ ಮೆಷಿನ್ನಿನ ದಾರ ಸುತ್ತುವ ಬಾಬಿನ್ ಒಂದನ್ನು ಕಚ್ಚಿಕೊಂಡು ಓಡಿದ, ಅದೇ ಹೆಸರಾಯಿತು.

ಅವನ ಹೆದರಿಕೆಗೆ ಬೀದಿಯವರೆಲ್ಲ ಔಷಧಿ ಹೇಳಿದರು. ಜಾಸ್ತಿ ಕೇಳಿಬಂದದ್ದು ಇದು: “ಹೆದರಿಕೆ ಬಿಡಿಸ್ಬೇಕು ಅಂದ್ರೆ ಪಟಾಕಿ ಹೊಡೆಯೋ ಜಾಗದಲ್ಲೇ ಕಟ್ಟಿಹಾಕಿ ಅಕ್ಕ, ತಾನೇ ಸರಿಹೋಗುತ್ತೆ.” ಸರಿಹೋಗುವುದಿಲ್ಲ. ಓಡುವುದಕ್ಕೆ ದಾರಿಯೇ ಇಲ್ಲದಾಗ ಕೆಲವು ನಾಯಿಗಳು ಕಲ್ಲಿನ ಹಾಗೆ ನಿಂತುಬಿಡುತ್ತವೆ. ನೋಡುವವರಿಗೆ ಅದು ಧೈರ್ಯದಂತೆ ಕಾಣುತ್ತದೆ. ಒಳಗೆ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಮುಂದಿನ ಸಲ ಹಗ್ಗ ಕಂಡರೂ ಹೆದರುತ್ತದೆ, ಕಟ್ಟಿದವರನ್ನು ಕಂಡರೂ ಹೆದರುತ್ತದೆ.

ಧೈರ್ಯ ಬರಿಸುವುದು ಹೇಗೆ ಅನ್ನುವುದಕ್ಕೆ ನಮ್ಮೂರಿನಲ್ಲಿ ದೂರ ಹೋಗಬೇಕಾಗಿಲ್ಲ. ಪ್ರತಿ ವರ್ಷ ದಸರಾಕ್ಕೆ ಮುಂಚೆ ಕುಶಾಲತೋಪಿನ ತಾಲೀಮು ನಡೆಯುತ್ತದಲ್ವಾ? ಜಂಬೂಸವಾರಿ ದಿನ ರಾಷ್ಟ್ರಗೀತೆ ನುಡಿಸುವಾಗ 21 ಸುತ್ತು ತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ, ಕುದುರೆ ಬೆದರಬಾರದು ಅಂತ ಮೊದಲೇ ರೂಢಿ ಮಾಡಿಸುತ್ತಾರೆ. ಈಚೆಗೆ ತಾಲೀಮು ವಸ್ತುಪ್ರದರ್ಶನದ ಮೈದಾನದ ಕಡೆಗೆ ಬಂದಿರುವುದರಿಂದ ಸದ್ದು ನೇರವಾಗಿ ನಮ್ಮ ಮನೆಯ ಕಿಟಕಿಗೇ ಬಡಿಯುತ್ತದೆ.

ಅಲ್ಲಿ ನೋಡಬೇಕಾದದ್ದು ಫಿರಂಗಿಯನ್ನಲ್ಲ, ಹೊಸ ಆನೆಗಳನ್ನು. 2020ರಿಂದ ಹಲವು ವರ್ಷ ಅಂಬಾರಿ ಹೊತ್ತ ಅಭಿಮನ್ಯುವಿನಂಥ ಹಳಬರು ಹೊಗೆ ಎದ್ದರೂ ನಿಂತ ಜಾಗ ಬಿಡುವುದಿಲ್ಲ. ಹೊಸದಾಗಿ ಬಂದವು ಒಂದು ಹೆಜ್ಜೆ ಹಿಂದೆ ಇಡುತ್ತವೆ, ತಿರುಗಿ ನಿಲ್ಲುತ್ತವೆ, ಸೊಂಡಿಲು ಆಡಿಸುತ್ತವೆ. ಅಂಥವನ್ನು ಹಳೆ ಆನೆಗಳ ನಡುವೆ ನಿಲ್ಲಿಸುತ್ತಾರೆ, ಸದ್ದಿನಿಂದ ಒಂದಿಷ್ಟು ದೂರ ಇಡುತ್ತಾರೆ. ಮಾವುತರು, ಕಾವಾಡಿಗಳು ಪಕ್ಕದಲ್ಲೇ ಇದ್ದು ಮೈ ಸವರುತ್ತಾರೆ, ಮಾತಾಡಿಸುತ್ತಾರೆ. ಒಂದೇ ದಿನದಲ್ಲಿ ಮುಗಿಸುವುದಿಲ್ಲ, ಬಿಡುವು ಕೊಟ್ಟು ಮತ್ತೆ ಮಾಡುತ್ತಾರೆ. ತಾಲೀಮಿನಲ್ಲಿ ಆನೆಯ ಕಾಲಿಗೆ ಸರಪಳಿ ಹಾಕುವುದು ಮಾತ್ರ ನನಗೆ ಇಷ್ಟವಿಲ್ಲ. ನಾಯಿಗೆ ಅದು ಬೇಕಾಗಿಯೂ ಇಲ್ಲ. ಆನೆ ಆ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಹೋಗಲೇಬೇಕು. ಬಾಬಿನ್‌ಗೆ ಎಲ್ಲಿಗೂ ಹೋಗುವ ದರ್ದಿಲ್ಲ. ಸದ್ದು ಬೇಡ ಅನ್ನಿಸಿದರೆ ಎದ್ದು ಒಳಗೆ ಹೋಗುವ ಹಕ್ಕು ಅವನಿಗಿದೆ. ನನ್ನ ಇಡೀ ನಾಯಿಪಾಠ ನಿಂತಿರುವುದು ಇದರ ಮೇಲೆ.

ಸರಿ, ಮನೆಯಲ್ಲಿ ಮಾಡಿದ್ದು ಇಷ್ಟು. ಗೂಡ್ಸ್ ಆಟೋ ಬಾಗಿಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣದಾಗಿ ಹಾಕಿದೆ. ನಾಯಿಯ ಕಿವಿ ನಮಗಿಂತ ಎಷ್ಟೋ ಚುರುಕು, ನಮಗೆ ಕೇಳದ ಎತ್ತರದ ಸದ್ದೂ ಅದಕ್ಕೆ ಕೇಳುತ್ತದೆ, ಹಾಗಾಗಿ ಸಣ್ಣದು ಅಂದರೆ ನಿಜವಾಗಲೂ ಸಣ್ಣದೇ ಇರಬೇಕು. ಸದ್ದು ಬಂದ ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು. ಉಪ್ಪಿಲ್ಲ, ಖಾರವಿಲ್ಲ, ಈರುಳ್ಳಿ ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವೆರಡೂ ನಾಯಿಗೆ ವಿಷ. ಮೊದಲು ಸದ್ದು, ಆಮೇಲೆ ಕೋಳಿ. ಇದನ್ನು ತಿರುವುಮುರುವು ಮಾಡಿದರೆ ಕೆಟ್ಟಿತು. ಕೋಳಿ ಕಂಡ ಕೂಡಲೇ “ಈಗ ಏನೋ ಬೀಳುತ್ತೆ” ಅಂತ ಅವನು ಹೆದರಲು ಕಲಿಯುತ್ತಾನೆ.

ಸದ್ದನ್ನು ಯಾವಾಗ ಏರಿಸಬೇಕು ಅಂತ ಅವನ ಮುಖವೇ ಹೇಳುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲ ಮುದುರುವುದು. ಇವೆಲ್ಲ “ಸಾಕು” ಅನ್ನುವ ಮಾತುಗಳೇ. ಕೋಳಿಯನ್ನೇ ಬೇಡ ಅಂದರೆ ಸದ್ದು ತೀರಾ ಜಾಸ್ತಿಯಾಗಿದೆ ಅಂತ ಅರ್ಥ, ಹಿಂದಕ್ಕೆ ಹೋಗಬೇಕು. ಚೆನ್ನಾಗಿ ನಡೆದ ದಿನ ಸದ್ದು ಬಂದ ಮೇಲೆ ಬಾಬಿನ್ ಫೋನನ್ನು ನೋಡುವುದಿಲ್ಲ, ನನ್ನ ಕೈ ನೋಡುತ್ತಾನೆ. ಅದು ಕಂಡಾಗ ಮಾತ್ರ ಒಂದು ಗೆರೆ ಏರಿಸುತ್ತೇನೆ.

ಇನ್ನೊಂದು ಮಾತು ನಮ್ಮತ್ತೆ ಬಾಯಲ್ಲಿ: “ಹೆದರಿದಾಗ ಮುದ್ದು ಮಾಡಬೇಡಮ್ಮ, ಹೆದರಿಕೆ ಇನ್ನೂ ಜಾಸ್ತಿಯಾಗುತ್ತೆ.” ಹಾಗೇನಿಲ್ಲ. ಹೆದರಿಕೆ ಅವನು ಬೇಕೂಂತ ಮಾಡುವ ಕೆಲಸವಲ್ಲ, ಲಂಚ ಕೊಟ್ಟರೆ ಹೆಚ್ಚುವುದಕ್ಕೆ. ಹತ್ತಿರ ಬಂದರೆ ಮೈ ಸವರುತ್ತೇನೆ. ಟೇಬಲ್ ಕೆಳಗೆ ಸೇರಿದರೆ ಅಲ್ಲೇ ಬಿಡುತ್ತೇನೆ. ಆ ಜಾಗದಿಂದ ಅವನನ್ನು ಯಾರೂ ಎಳೆಯುವ ಹಾಗಿಲ್ಲ, ಗಿರಾಕಿಯ ಮಗು ಎಷ್ಟೇ ಅತ್ತರೂ ಸರಿ.

ಈಗ ಅಂಗಡಿಯ ಅಪಾಯಗಳಿಗೆ ಬರುತ್ತೇನೆ. ಟೈಲರ್ ಅಂಗಡಿಯಲ್ಲಿ ನೆಲವೇ ಮೊದಲ ಶತ್ರು. ಗುಂಡುಸೂಜಿ, ಹುಕ್ಕು, ಗುಂಡಿ. ಎಲ್ಲಕ್ಕಿಂತ ಕೆಟ್ಟದ್ದು ದಾರ. ನೋಡಲು ಸಾಧು. ನುಂಗಿದಾಗ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ, ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಬೀಳುವ ಹಾಗೆ ಕರುಳು ಆ ದಾರದ ಮೇಲೆ ನೆರಿಗೆಯಾಗುತ್ತದೆ. ಬಿಗಿದ ದಾರ ಕರುಳನ್ನು ಕೊಯ್ದೂ ಬಿಡಬಹುದು. ಆದ್ದರಿಂದ ನಾಯಿಯ ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಸೀದಾ ಪಶುವೈದ್ಯರ ಹತ್ತಿರ ಹೋಗಿ. ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ನರಳುವುದು ಕಂಡರೂ ಅಷ್ಟೇ, ನಾಳೆ ನೋಡೋಣ ಅನ್ನಬೇಡಿ.

ನಾನು ಗುಂಡುಸೂಜಿಗೆ ಅಯಸ್ಕಾಂತದ ಡಬ್ಬಿ ಇಟ್ಟಿದ್ದೇನೆ, ದಾರದ ಚೂರಿಗೆ ಮುಚ್ಚಳದ ಡಬ್ಬ. ಆದರೂ ಏನೋ ಬೀಳುತ್ತದೆ. ಅದಕ್ಕೇ ಬಾಬಿನ್ ಮೊದಲು ಕಲಿತ ಪಾಠ ಕೈ ಕೊಡುವುದಲ್ಲ, “ಬಿಡು”. ಮುಷ್ಟಿಯಲ್ಲಿ ಒಣ ಬಿಸ್ಕತ್ತಿನ ಚೂರು ಹಿಡಿದು ಮೂಗಿನ ಮುಂದೆ ಇಡುವುದು. ಅವನು ನೆಕ್ಕುತ್ತಾನೆ, ಕೆರೆಯುತ್ತಾನೆ, ಗೊಣಗುತ್ತಾನೆ. ನಾನು ಏನೂ ಅನ್ನುವುದಿಲ್ಲ. ಒಂದು ಕ್ಷಣ ಮೂಗು ಹಿಂದೆ ಸರಿದರೆ ಸಾಕು, ಇನ್ನೊಂದು ಕೈಯಿಂದ ಕೋಳಿ. ಮುಷ್ಟಿಯ ಬಿಸ್ಕತ್ತು ಕೊಡುವ ಹಾಗಿಲ್ಲ, ಬಿಟ್ಟದ್ದಕ್ಕಿಂತ ಒಳ್ಳೆಯದು ಸಿಗಬೇಕು. ಮೂಗು ತಾನಾಗಿ ಸರಿಯತೊಡಗಿದ ಮೇಲೆ “ಬಿಡು” ಅನ್ನುವ ಮಾತು ಸೇರಿಸಿದೆ. ಆಮೇಲೆ ಅಂಗೈ ಬಿಚ್ಚಿ, ಆಮೇಲೆ ನೆಲದ ಮೇಲೆ ಇಟ್ಟು, ಆಮೇಲೆ ನಡೆಯುತ್ತಿರುವಾಗ ಬೀಳಿಸಿ. ಈಗ ನನ್ನ ಕೈಯಿಂದ ಹುಕ್ಕು ಜಾರಿದರೆ ಟಿಣ್ ಅಂದ ಕೂಡಲೇ ಅವನು ಹುಕ್ಕು ಬಿಟ್ಟು ನನ್ನ ಮುಖ ನೋಡುತ್ತಾನೆ. ಒಮ್ಮೊಮ್ಮೆ ನಾನು ಏನೂ ಬೀಳಿಸದಿದ್ದರೂ ಬಂದು ಕೂತು ನೋಡುತ್ತಾನೆ, ಏನಾದರೂ ಬೀಳಿಸಮ್ಮಾ ಅನ್ನುವ ಹಾಗೆ.

ಕರೆದರೆ ಬರುವ ಪಾಠ ಕಷ್ಟವಾದದ್ದು ಅವನಿಂದಲ್ಲ, ನಮ್ಮಿಂದ. ನಮ್ಮತ್ತೆ “ಬಾರೋ ಇಲ್ಲಿ” ಅನ್ನುತ್ತಾರೆ, ನಮ್ಮ ಯಜಮಾನರು ಶಿಳ್ಳೆ ಹಾಕುತ್ತಾರೆ, ಮಗಳು “ಕಮ್ ಕಮ್”. ಕೊನೆಗೆ ಎಲ್ಲರೂ “ಬಾಬಿನ್, ಬಾ” ಅಂತಲೇ ಕರೆಯಬೇಕು ಅಂತ ತೀರ್ಮಾನವಾಯಿತು. ಬಂದರೆ ಯಾವಾಗಲೂ ಒಳ್ಳೆಯದೇ ಆಗಬೇಕು. ಬೈಯುವುದಕ್ಕೆ, ಸ್ನಾನಕ್ಕೆ, ಔಷಧಿಗೆ ಆ ಮಾತು ಬಳಸುವಂತಿಲ್ಲ. ಅವಕ್ಕೆ ನಾವೇ ಎದ್ದು ಅವನ ಹತ್ತಿರ ಹೋಗುತ್ತೇವೆ.

ಗಿರಾಕಿಗಳದ್ದು ಬೇರೆ ಕಥೆ. ನಾಯಿ ಕಂಡ ಕೂಡಲೇ ಬಗ್ಗಿ, ತಲೆಯ ಮೇಲೆ ಕೈ ಇಡುವುದು ಜನರ ರೂಢಿ. ನಾಯಿಯ ಕಡೆಯಿಂದ ನೋಡಿ, ಗುರುತಿಲ್ಲದವರು ಮೇಲಿಂದ ಮೈಮೇಲೆ ಬರುತ್ತಿದ್ದಾರೆ. ನಾನು ಎಲ್ಲರಿಗೂ ಹೇಳುವುದು: ಸುಮ್ನೆ ಕೂತ್ಕೊಳ್ಳಿ, ಅವನ ಕಡೆ ನೋಡಬೇಡಿ, ಬೇಕಾದರೆ ಅವನೇ ಬರುತ್ತಾನೆ. ಬಂದರೆ ಎದೆಯ ಹತ್ತಿರ ಸ್ವಲ್ಪ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕು ಅಂತ ಅವನು ಒತ್ತಿಕೊಂಡರೆ ಮುಂದುವರಿಸಿ. ಇದರಿಂದ ಅವನು ಜನರ ಹತ್ತಿರ ಹೋಗುವುದು ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಗುರ್ ಅಂದರೆ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಗುರ್ ಅನ್ನುವುದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಎಚ್ಚರಿಕೆ ಮಾತ್ರ ಹೋಗುತ್ತದೆ, ಭಯ ಉಳಿಯುತ್ತದೆ. ಮುಂದೆ ಸದ್ದಿಲ್ಲದೆ ಕಚ್ಚುತ್ತದೆ. ರೇಬಿಸ್ ಲಸಿಕೆ ಮಾತ್ರ ಯಾರ ಮಾತೂ ಕೇಳದೆ ಹಾಕಿಸಲೇಬೇಕು. ಮರಿಗೆ ಮೂರು ತಿಂಗಳ ಹೊತ್ತಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದ ಹಾಗೆ ಬೂಸ್ಟರ್. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚುವುದು ಬೇಡ.

ವೈದ್ಯರ ಮೇಜಿನ ಮೇಲೆ ನಾಯಿ ಹೆದರದೆ ನಿಲ್ಲಲು ನನಗೆ ನೆರವಾದದ್ದು ಅಳತೆ ಟೇಪು. ದಿನಾ ಅಂಗಡಿ ಮುಚ್ಚುವ ಮುಂಚೆ ಬಾಬಿನ್‌ಗೂ ಅಳತೆ. ಸ್ಟೂಲಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಅವನ ಗದ್ದ. ಗದ್ದ ಟವೆಲ್ ಮೇಲಿದ್ದರೆ ಎದೆ ಸುತ್ತ ಟೇಪು, ಕಿವಿ ಎತ್ತಿ ನೋಡುವುದು, ಬೆರಳ ಸಂದಿಯಲ್ಲಿ ಉಣ್ಣಿ ಹುಳು ಹುಡುಕುವುದು. ಗದ್ದ ಎತ್ತಿದ ತಕ್ಷಣ ನನ್ನ ಕೈ ಹಿಂದೆ. ಮತ್ತೆ ಅವನೇ ಇಟ್ಟರೆ ಮತ್ತೆ ಶುರು. ನಿಲ್ಲಿಸುವುದು ತನ್ನ ಕೈಲಿದೆ ಅಂತ ಗೊತ್ತಾದ ಮೇಲೆ ನಿಲ್ಲಿಸುವುದೇ ಕಡಿಮೆಯಾಯಿತು. ಆ ಅಳತೆಯಲ್ಲೇ ಬ್ಯಾಗ್ ಪಟ್ಟಿಯಿಂದ ಅವನಿಗೆ ಎದೆಪಟ್ಟಿ ಹೊಲಿದಿದ್ದೇನೆ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕತ್ತಿನ ಬೆಲ್ಟು ಕಿವಿ ದಾಟಿ ಕಳಚಿಬಿಡುತ್ತದೆ. ಎದೆಪಟ್ಟಿಗೆ ಹೊಟ್ಟೆಯ ಕಡೆ ಎರಡನೇ ಪಟ್ಟಿ ಇದ್ದರೆ ಅಷ್ಟು ಸುಲಭವಲ್ಲ. ಪಟ್ಟಿ ಮತ್ತು ಮೈ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ.

ದಸರಾ ಮುಗಿದ ಹಿಂದೆಯೇ ದೀಪಾವಳಿ. ಪಟಾಕಿಗೆ ರಾತ್ರಿ 8ರಿಂದ 10 ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅದಕ್ಕೆ ಬಾಬಿನ್‌ನನ್ನು ಬೆಳಕಿರುವಾಗಲೇ ಸುತ್ತಾಡಿಸಿ, ಹೊಟ್ಟೆ ತುಂಬಿಸಿ, ಒಳಗಿನ ಕೋಣೆಯ ಕಿಟಕಿ ಮುಚ್ಚಿ, ಹೊಲಿಗೆ ಮೆಷಿನ್ ಓಡಿಸುತ್ತಾ ಕೂರುತ್ತೇನೆ. ಆ ಸದ್ದು ಅವನಿಗೆ ಇಷ್ಟ. ತೀರಾ ಹೆದರುವ ನಾಯಿಯಾದರೆ ಹಬ್ಬಕ್ಕೆ ಎರಡು ಮೂರು ವಾರ ಮುಂಚೆಯೇ ಪಶುವೈದ್ಯರನ್ನು ಕೇಳಿ. ಭಯ ಕಡಿಮೆ ಮಾಡುವ ಔಷಧಿಗಳಿವೆ. ಬರೀ ಮಂಪರು ಬರಿಸುವ ಮಾತ್ರೆ ಬೇರೆ, ಅದರಲ್ಲಿ ಮೈ ಅಲ್ಲಾಡುವುದಿಲ್ಲ ಅಷ್ಟೇ, ಭಯ ಹಾಗೇ ಇರಬಹುದು. ಯಾವುದು ಕೊಡುತ್ತಿದ್ದೀರಿ ಅಂತ ಕೇಳಿಯೇ ತೆಗೆದುಕೊಳ್ಳಿ. ನಮ್ಮ ಡಬ್ಬಿಯ ನೋವಿನ ಮಾತ್ರೆ ಕೊಡಲೇಬೇಡಿ.

ಬಾಗಿಲಿಗೆ ಹಬ್ಬದ ದಿನ ಒಳಚಿಲಕ ಹಾಕಿ, ಮನೆಗೆ ಬರುವವರಿಗೆ ಮೊದಲೇ ಹೇಳಿ. ಫೋನ್ ನಂಬರಿನ ಬಿಲ್ಲೆ ಮನೆಯೊಳಗೂ ಕತ್ತಿನಲ್ಲೇ ಇರಲಿ. ಇಷ್ಟಾದರೂ ತಪ್ಪಿಸಿಕೊಂಡರೆ ಕೂಗುತ್ತಾ ಹಿಂದೆ ಓಡಬೇಡಿ, ಹೆದರಿದ ನಾಯಿ ನಮ್ಮಿಂದಲೂ ಓಡುತ್ತದೆ. ಕಣ್ಣಿಗೆ ಕಾಣುತ್ತಿದ್ದರೆ ಅಲ್ಲೇ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ದಿನಾ ಕರೆಯುವ ದನಿಯಲ್ಲೇ ಕರೆಯಿರಿ. ಕಾಣದಿದ್ದರೆ ಒಬ್ಬರು ಮನೆ ಬಾಗಿಲು ತೆರೆದು ಅಲ್ಲೇ ಇರಿ, ಇನ್ನೊಬ್ಬರು ಅವನು ದಿನಾ ನಡೆಯುವ ದಾರಿಯಲ್ಲೇ ಮೊದಲು ಹುಡುಕಿ, ನಿಂತಿರುವ ಕಾರುಗಳ ಕೆಳಗೂ ಟಾರ್ಚ್ ಹಾಕಿ ನೋಡಿ.