ಪಾರ್ಟ್ ಬರೋವರೆಗೂ ಗಾಡಿ ಓಡಿಸಬಹುದಾ?

ರೀಕಾಲ್ ಪತ್ರ, ಅಂದರೆ ಗಾಡಿಯಲ್ಲಿ ದೋಷ ಇದೆ, ತಂದು ಸರಿಮಾಡಿಸಿಕೊಳ್ಳಿ ಅಂತ ಕಂಪನಿ ಕಳಿಸುವ ಪತ್ರ, ಹಿಡಿದುಕೊಂಡು ಕೌಂಟರ್ ಮುಂದೆ ಕೂರುವವರು ಮೊದಲು ಕೇಳುವುದು ದುಡ್ಡು ಎಷ್ಟಾಗುತ್ತೆ ಅಂತ. ಏನೂ ಇಲ್ಲ, ಪಾರ್ಟು, ಲೇಬರ್ ಎರಡೂ ಕಂಪನಿಯದ್ದೇ ಅಂದಮೇಲೆ ಮುಖ ಸಡಿಲವಾಗುತ್ತದೆ. ಆಮೇಲೆ ನಿಜವಾದ ಪ್ರಶ್ನೆ ಬರುತ್ತದೆ. "ಪಾರ್ಟ್ ಬರೋವರೆಗೂ ಗಾಡಿ ಓಡಿಸಬಹುದಾ?"

ನಾನು 11 ವರ್ಷದಿಂದ ಕಾರು ಸರ್ವಿಸ್ ಸೆಂಟರ್ ಒಂದರಲ್ಲಿ ಸರ್ವಿಸ್ ಅಡ್ವೈಸರ್ ಆಗಿ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆಗೆ ಒಂದು ಸಲ ತಪ್ಪು ಉತ್ತರ ಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಓದಲಿ ಅಂತ. ಯಾರ ಮನೆಯಲ್ಲಾದರೂ ಅಂಥ ಪತ್ರ ಬಂದು ಡ್ರಾಯರ್‌ನಲ್ಲಿ ಬಿದ್ದಿದ್ದರೆ ಅವರೂ ಓದಲಿ.

ಆ ರೀಕಾಲ್ ಪೆಟ್ರೋಲ್ ಟ್ಯಾಂಕಿನ ಒಳಗಿದ್ದು ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪಿನದ್ದು. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಯಾರಾದ ಗಾಡಿಗಳಲ್ಲಿ ಪಂಪ್ ಕೆಲಸ ನಿಲ್ಲಿಸಬಹುದು, ಓಡುವಾಗಲೇ ಎಂಜಿನ್ ಆಫ್ ಆಗಬಹುದು ಅಂತ ಪತ್ರದಲ್ಲಿತ್ತು. ಪತ್ರ ಮೊದಲು ಬಂತು, ಪಂಪ್ ಆಮೇಲೆ. ಇದು ರೀಕಾಲ್‌ನಲ್ಲಿ ಮಾಮೂಲಿ. ದೋಷ ಗೊತ್ತಾದ ತಕ್ಷಣ ಗಾಡಿಯವರಿಗೆ ತಿಳಿಸಲೇಬೇಕು, ಆದರೆ ಅಷ್ಟೊಂದು ಗಾಡಿಗೆ ಸಾಲುವಷ್ಟು ಹೊಸ ಪಾರ್ಟು ಅಷ್ಟು ಬೇಗ ತಯಾರಾಗುವುದಿಲ್ಲ. ನಡುವಿನ ಆ ದಿನಗಳನ್ನು ಸಂಭಾಳಿಸುವುದು ನಮ್ಮ ಕೌಂಟರ್‌ನ ಕೆಲಸ.

ಒಬ್ಬರು ಬಂದರು. ಐವತ್ತರ ಆಸುಪಾಸಿನವರು, ಮಾತು ಕಮ್ಮಿ. ಚಾಸಿಸ್ ನಂಬರ್, ಅಂದರೆ ಒಂದೊಂದು ಗಾಡಿಗೂ ಬೇರೆಯಾಗಿರುವ ಗುರುತಿನ ನಂಬರ್, ಹಾಕಿ ನೋಡಿದೆ, ಅವರ ಗಾಡಿ ಪಟ್ಟಿಯಲ್ಲಿತ್ತು. ಪಂಪ್ ಸ್ಟಾಕ್ ಇರಲಿಲ್ಲ. ಹೆಸರು ಬರೆದುಕೊಂಡೆ. ಹೊರಡುವಾಗ ಅವರು, "ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆದರೇನೇ ಸ್ಟಾರ್ಟ್ ಆಗೋದು, ಅದನ್ನೂ ಸ್ವಲ್ಪ ನೋಡಿ" ಅಂದರು. ಬ್ಯಾಟರಿ ಹಳೆಯದಾಗಿರಬೇಕು ಅಂದುಕೊಂಡೆ. ಗಾಡಿಯ ತೊಂದರೆ, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ಹಾಗೇ ಬರೆದೆ. ಆಮೇಲೆ ಅವರು ಆ ಪ್ರಶ್ನೆ ಕೇಳಿದರು. ನಾನು ಕಂಪ್ಯೂಟರ್‌ನಿಂದ ಕಣ್ಣೆತ್ತದೆ, "ಓಡಿಸಿ ಸರ್, ಏನೂ ಆಗಲ್ಲ" ಅಂದೆ.

12 ದಿನ ಆದಮೇಲೆ ಫೋನ್ ಬಂತು. ಹೆದ್ದಾರಿಯ ಏರಿನಲ್ಲಿ ಗಾಡಿ ನಾಲ್ಕೈದು ಸಲ ಜರ್ಕ್ ಹೊಡೆದು ಆಫ್ ಆಗಿತ್ತು. ಹಿಂದೆ ಲಾರಿ. ಹಿಂದಿನ ಸೀಟಿನಲ್ಲಿ ಅವರ ತಾಯಿ. ಲಾರಿಯವನು ಹೇಗೋ ಪಕ್ಕಕ್ಕೆ ಎಳೆದುಕೊಂಡ, ಯಾರಿಗೂ ಏನೂ ಆಗಲಿಲ್ಲ. ಅವರು ಕೂಗಾಡಲಿಲ್ಲ. "ನೀವೇ ಓಡಿಸಿ ಅಂದ್ರಲ್ಲಾ" ಅಂತ ಅಷ್ಟೇ ಹೇಳಿದರು. ಆ ಧ್ವನಿ ಈಗಲೂ ಕಿವಿಯಲ್ಲಿದೆ.

ಫೋರ್‌ಮನ್ ಜಾಬ್ ಕಾರ್ಡ್ ತರಿಸಿ ನನ್ನ ಮುಂದಿಟ್ಟರು. ಪಕ್ಕದಲ್ಲಿ ಕಂಪನಿ ಕಳಿಸಿದ್ದ ಸರ್ಕ್ಯುಲರ್ ಇಟ್ಟರು. ಅದರ ಎರಡನೇ ಪುಟದಲ್ಲಿ ಪಂಪ್ ಕೈಕೊಡುವ ಮುಂಚೆ ಕಾಣುವ ಲಕ್ಷಣಗಳಿದ್ದವು. ಸ್ಟಾರ್ಟ್ ಆಗಲು ತಡ ಆಗುವುದು. ಎಂಜಿನ್ ಸರಿಯಾಗಿ ಓಡದೆ ನಡುಗುವುದು. ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಬರುವುದು. ನಾನು ಓದಿದ್ದು ಮೊದಲ ಪುಟ ಮಾತ್ರ. ಯಾವ ಗಾಡಿ, ಯಾವ ಪಾರ್ಟ್ ನಂಬರ್, ಎಷ್ಟು ಗಂಟೆ ಲೇಬರ್, ಅಷ್ಟೇ. ಆ ಮನುಷ್ಯ ತಾನಾಗೇ ಬಾಯಿಬಿಟ್ಟು ಲಕ್ಷಣ ಹೇಳಿದ್ದರು. ನಾನು ಅದನ್ನು ಬ್ಯಾಟರಿ ಖಾತೆಗೆ ಹಾಕಿದ್ದೆ.

ಟೋ ಮಾಡಿ ತಂದ ಆ ಗಾಡಿಯ ಪಂಪ್ ಬದಲಿಸುವಾಗ ನಾನು ರಿಪೇರಿ ಮಾಡುವ ಜಾಗದಲ್ಲೇ ನಿಂತಿದ್ದೆ. ಅಲ್ಲಿಯವರೆಗೆ ನೂರಾರು ಜಾಬ್ ಕಾರ್ಡ್ ಬರೆದಿದ್ದರೂ ಈ ಕೆಲಸವನ್ನು ಶುರುವಿನಿಂದ ಕೊನೆವರೆಗೆ ನಿಂತು ನೋಡಿದ್ದು ಅದೇ ಮೊದಲು. ಬಾಗಿಲುಗಳನ್ನೆಲ್ಲ ತೆಗೆದಿಟ್ಟರು, ಗಾಳಿ ಆಡಬೇಕಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಬಂತು. ಪೆಟ್ರೋಲ್ ಪೈಪಿನಲ್ಲಿ ಉಳಿದ ಪ್ರೆಶರ್ ಇಳಿಸಿದರು, ಬ್ಯಾಟರಿಯ ನೆಗೆಟಿವ್ ಕಳಚಿದರು. ಹಿಂದಿನ ಸೀಟು ಎತ್ತಿದರೆ ಕೆಳಗೆ ತಟ್ಟೆಯಷ್ಟು ಅಗಲದ ಮುಚ್ಚಳ. ಅದರ ಸುತ್ತ ಧೂಳು, ಮರಳು, ಯಾರದೋ ಕೂದಲ ಪಿನ್ನು. ಮೆಕ್ಯಾನಿಕ್ ಅಣ್ಣ ಅದನ್ನು ಮೊದಲು ಹೀರಿ ತೆಗೆದು, ಆಮೇಲೆ ಬಟ್ಟೆಯಿಂದ ಒರೆಸಿದ. "ಒಂದು ಕಾಳು ಮರಳು ಒಳಗೆ ಬಿದ್ರೂ ಹೊಸ ಪಂಪ್ ಹಾಕಿದ್ದು ದಂಡ" ಅಂದ. ಲಾಕ್ ರಿಂಗ್ ತಿರುಗಿಸಿದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಪಂಪನ್ನು ಓರೆ ಮಾಡಿ, ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನ ಕಡ್ಡಿ ಬಾಗದ ಹಾಗೆ, ನಿಧಾನವಾಗಿ ಎತ್ತಿದ. ಹಳೆಯ ರಬ್ಬರ್ ಸೀಲ್ ಚೆನ್ನಾಗೇ ಕಾಣುತ್ತಿತ್ತು. ಆದರೂ ಹೊಸದನ್ನೇ ಹಾಕಿದ. ಒಂದು ಸಲ ಒತ್ತಿಸಿಕೊಂಡ ಸೀಲ್ ಎರಡನೇ ಸಲ ಅದೇ ಥರ ಕೂರುವುದಿಲ್ಲ. ಪಂಪ್ ರಿಪೇರಿಗೆ ಅಂತ ಬಂದ ಗಾಡಿ ಲೀಕ್ ಇಟ್ಟುಕೊಂಡು ಹೋದರೆ ಏನು ಪ್ರಯೋಜನ?

ತೆಗೆದ ಪಂಪನ್ನು ನಾವು ಬಿಚ್ಚುವ ಹಾಗಿಲ್ಲ. ಸೀಲ್ ಮಾಡಿ, ಚಾಸಿಸ್ ನಂಬರ್ ಅಂಟಿಸಿ ಕಂಪನಿಗೆ ಕಳಿಸಬೇಕು. ಒಳಗೆ ಏನಾಗುತ್ತದೆ ಅಂತ ನೋಡಿದ್ದು ಆಮೇಲೆ, ಟ್ರೇನಿಂಗ್‌ನಲ್ಲಿ, ಅಡ್ಡಕ್ಕೆ ಕತ್ತರಿಸಿಟ್ಟ ಪಂಪಿನಲ್ಲಿ. ಅದರಲ್ಲಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಚಕ್ರ ಇರುತ್ತದೆ. ಇಂಪೆಲರ್ ಅಂತಾರೆ. ಅದು ಜೋರಾಗಿ ತಿರುಗುತ್ತಾ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಚಕ್ರಕ್ಕೂ ಸುತ್ತಲಿನ ಗೋಡೆಗೂ ಇರುವ ಸಂದು ಕೂದಲೆಳೆಯಷ್ಟು. ಪ್ಲಾಸ್ಟಿಕ್ ಸರಿಯಾದ ಹದದಲ್ಲಿ ಗಟ್ಟಿಯಾಗದಿದ್ದರೆ ಪೆಟ್ರೋಲ್ ಕುಡಿದು ಉಬ್ಬುತ್ತದೆ. ಉಬ್ಬಿದ ಚಕ್ರ ಗೋಡೆಗೆ ಉಜ್ಜುತ್ತದೆ, ಪಂಪ್ ತಿಣುಕುತ್ತದೆ, ಎಂಜಿನ್‌ಗೆ ಪೆಟ್ರೋಲ್ ಸಾಲುವುದಿಲ್ಲ. ಏರಿನಲ್ಲಿ ಎಂಜಿನ್ ಜಾಸ್ತಿ ಕೇಳುತ್ತದೆ, ಅಲ್ಲೇ ಜರ್ಕ್ ಶುರು. ಆಫ್ ಆದಮೇಲೆ ಅರ್ಧ ಗಂಟೆ ತಣ್ಣಗಾದರೆ ಎಷ್ಟೋ ಸಲ ಮತ್ತೆ ಸ್ಟಾರ್ಟ್ ಆಗುತ್ತದೆ. ನನಗೆ ಭಯ ಇರುವುದೇ ಅದರ ಬಗ್ಗೆ. "ಏನೋ ಕಸ ಸಿಕ್ಕಿತ್ತು, ಈಗ ಸರಿ ಹೋಯ್ತು" ಅಂದುಕೊಂಡು ಜನ ಓಡಿಸುತ್ತಲೇ ಇರುತ್ತಾರೆ.

ನಮ್ಮದು ಟೊಯೊಟಾ, ಹೋಂಡಾ ಅಲ್ಲದ ಬೇರೆ ಬ್ರ್ಯಾಂಡು. ಆದರೆ ಈ ತೊಂದರೆ ಒಂದು ಕಂಪನಿಯದ್ದಲ್ಲ. 2020ರಲ್ಲಿ ಟೊಯೊಟಾ, ಹೋಂಡಾ ಎರಡೂ ಇಂಥದ್ದೇ ಇಂಪೆಲರ್ ದೋಷಕ್ಕೆ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆದವು. ರೀಕಾಲ್ ಅಂದರೆ ಕೆಟ್ಟ ಕಂಪನಿ ಅಂತ ಅರ್ಥ ಅಲ್ಲ. ಕರೆದು ಸರಿಮಾಡುವವರನ್ನು ನಾನು ಗೌರವಿಸುತ್ತೇನೆ.

ಈಗ ಆ ಪ್ರಶ್ನೆ ಬಂದರೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಗಾಡಿ ಬಗ್ಗೆ ಕೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟಿಂಗ್ ಹೇಗಿದೆ? ಏರಿನಲ್ಲಿ ಪಿಕಪ್ ಬಿದ್ದ ಹಾಗೆ ಅನ್ನಿಸಿದೆಯಾ? ಗಾಡಿ ಒಳಗೆ, ಇಲ್ಲಾ ನಿಲ್ಲಿಸಿದ ಜಾಗದಲ್ಲಿ, ಪೆಟ್ರೋಲ್ ವಾಸನೆ ಬರುತ್ತಾ? "ಏನಾದ್ರೂ ತೊಂದರೆ ಇದೆಯಾ" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುವುದು. ಹೀಗೆ ಒಂದೊಂದಾಗಿ ಕೇಳಿದರೆ ನೆನಪಾಗುತ್ತದೆ. ಪಕ್ಕದಲ್ಲಿ ಹೆಂಡತಿಯೋ ಮಗಳೋ ಇದ್ದರೆ ಅವರನ್ನೂ ಕೇಳುತ್ತೇನೆ, ಯಾಕೆಂದರೆ ಎಷ್ಟೋ ಸಲ ವಾಸನೆ ಮೊದಲು ಗೊತ್ತಾಗುವುದು ಓಡಿಸುವವರಿಗಲ್ಲ, ಪಕ್ಕದಲ್ಲಿ ಕೂತವರಿಗೆ.

ಒಂದು ಲಕ್ಷಣ ಕಂಡರೂ ಆ ಗಾಡಿ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತದೆ. ಗಾಡಿಯನ್ನು ನಮ್ಮಲ್ಲೇ ಬಿಟ್ಟು ಹೋಗಿ ಅನ್ನುತ್ತೇನೆ. ಬದಲಿ ಗಾಡಿ ಕೊಡಲು ಆಗುತ್ತಾ ಅಂತ ಕಂಪನಿಯನ್ನು ಕೇಳುವ ಜವಾಬ್ದಾರಿ ನನ್ನದು, ಗ್ರಾಹಕರದ್ದಲ್ಲ. ಲಕ್ಷಣ ಏನೂ ಇಲ್ಲ ಅಂದರೂ "ಏನೂ ಆಗಲ್ಲ" ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಓಡಿಸಬಹುದೋ ಇಲ್ಲವೋ ಅಂತ ಕಂಪನಿಯ ಎಂಜಿನಿಯರುಗಳು ಸರ್ಕ್ಯುಲರ್‌ನಲ್ಲಿ ಬರೆದಿರುತ್ತಾರೆ. ಅದನ್ನು ಓದಿ ಹೇಳುತ್ತೇನೆ. "ನಿಲ್ಲಿಸಿ" ಅಂತಿದ್ದರೆ ನಿಲ್ಲಿಸಿ ಅಂತಲೇ. ಬೇಜಾರಾಗುತ್ತೆ ಅಂತ ಮೆತ್ತಗೆ ಮಾಡಿ ಹೇಳುವುದಿಲ್ಲ.

ಓಡಿಸಬಹುದು ಅಂತಿದ್ದರೆ ಇನ್ನೆರಡು ನಿಮಿಷ ಜಾಸ್ತಿ ಕೂರಿಸಿಕೊಂಡು, ಅಕಸ್ಮಾತ್ ಆಫ್ ಆದರೆ ಏನು ಮಾಡಬೇಕು ಅಂತ ಹೇಳುತ್ತೇನೆ. ಹಜಾರ್ಡ್ ಲೈಟ್ ಹಾಕಿ, ಗಾಡಿಗೆ ಇನ್ನೂ ವೇಗ ಇರುವಾಗಲೇ ಅಂಚಿಗೆ ತನ್ನಿ. ಬ್ರೇಕನ್ನು ಮತ್ತೆ ಮತ್ತೆ ಒತ್ತಬೇಡಿ. ಎಂಜಿನ್ ನಿಂತಮೇಲೆ, ಬ್ರೇಕ್ ಹಗುರವಾಗಿ ಒತ್ತಲು ನೆರವಾಗುವ ಬೂಸ್ಟರ್‌ನಲ್ಲಿ ಉಳಿಯುವ ಶಕ್ತಿ ಒಂದೆರಡು ಸಲಕ್ಕಷ್ಟೇ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ನಿಂತಮೇಲೆ ಎಲ್ಲರೂ ರಸ್ತೆಯ ಕಡೆಗಲ್ಲದ ಬಾಗಿಲಿನಿಂದ ಇಳಿದು ದೂರ ನಿಲ್ಲಿ. ಹೆದರಿಸಿದ ಹಾಗಾಗುತ್ತೆ ಅಂತ ನನ್ನ ಜೊತೆಯವರು ಮೊದಮೊದಲು ಅಂದರು. ಕೇಳಿದವರು ಹೆದರಲಿಲ್ಲ. ಕೈಗೆ ಏನೋ ಸಿಕ್ಕಿತು ಅನ್ನುವ ಹಾಗೆ ತಲೆಯಾಡಿಸಿದರು.

ಪೆಟ್ರೋಲ್ ಲೀಕ್ ಆಗುವ ರೀಕಾಲ್ ಮಾತ್ರ ಬೇರೆಯೇ. ಅಲ್ಲಿ ನಡುವಿನ ದಾರಿ ಇಲ್ಲ. ಒಮ್ಮೆ ಒಬ್ಬ ಮೇಡಂ ಫೋನ್ ಮಾಡಿದರು. ಗಾಡಿ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿದೆ, ಪೆಟ್ರೋಲ್ ವಾಸನೆ ಬರ್ತಿದೆ, ಪತ್ರವೂ ಬಂದಿದೆ, ನಿಧಾನವಾಗಿ ಓಡಿಸಿಕೊಂಡು ಬರಲಾ ಅಂತ. ಬೇಡ, ಕೀ ಮುಟ್ಟಲೇಬೇಡಿ ಅಂದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗಿ ಚದುರುವುದಿಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆ ಅಂದರೆ ತಗ್ಗೇ ಅಲ್ವಾ? ಸೆಲ್ಫ್ ಹೊಡೆದಾಗ ಏಳುವ ಒಂದು ಕಿಡಿ ಸಾಕು. ಅಲ್ಲಿ ಯಾರೂ ಸ್ವಿಚ್ ಕೂಡ ಹಾಕದೆ ಹೊರಗೆ ಬನ್ನಿ, ಕಟ್ಟಡದವರಿಗೆ ತಿಳಿಸಿ, ಅಗ್ನಿಶಾಮಕದವರನ್ನು ಕರೆಯಿರಿ ಅಂದೆ. ಗಾಡಿ ಆಮೇಲೆ ಟೋ ಆಗಿ ಬಂತು. ಪೈಪ್ ಸೇರುವ ಜಾಗದಲ್ಲಿ ಬೆವರಿದ ಹಾಗೆ ಒದ್ದೆ. ಅಷ್ಟೇ ಇದ್ದದ್ದು. ನೋಡಿದರೆ ಯಾರೂ ಹೆದರುವಂಥದ್ದಲ್ಲ.

ಡೀಸೆಲ್ ಗಾಡಿಯವರಿಗೂ, ನಮ್ಮ ಹೊಸ ಹುಡುಗರಿಗೂ ಒಂದು ಮಾತು. ಡೀಸೆಲನ್ನು ತುಂಬಾ ಒತ್ತಡದಲ್ಲಿ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್‌ನಲ್ಲಿ ಪ್ರೆಶರ್ 2000 ಬಾರ್‌ವರೆಗೂ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಕೆಲವದರಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಲೀಕ್ ಎಲ್ಲಿದೆ ಅಂತ ಕೈಯಾಡಿಸಿ ನೋಡಬೇಡಿ. ಕಣ್ಣಿಗೆ ಕಾಣದ ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟು ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ರಟ್ಟು ಹಿಡಿದು ನೋಡಿ. ಅಕಸ್ಮಾತ್ ಚುಚ್ಚಿದರೆ ನೋವಿಲ್ಲ ಅಂತ ಕೂರದೆ ಆಸ್ಪತ್ರೆಗೆ ಓಡಿ.

ಇನ್ನೊಂದು ವಿಷಯ ನಾನು ಕಲಿತದ್ದು ಫೋನ್ ಪಟ್ಟಿಯಿಂದ. ರೀಕಾಲ್ ಬಂದಾಗ ನಾವು ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. "ಆ ಗಾಡಿ ಮಾರಿ ಎರಡು ವರ್ಷ ಆಯ್ತು" ಅಂತ ಉತ್ತರ ಬಂದರೆ "ಮಾರಾಟ" ಅಂತ ಬರೆದು ಮುಂದಕ್ಕೆ ಹೋಗುವುದು ರೂಢಿ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಮಾಲೀಕರು ಬದಲಾದರೂ ಟ್ಯಾಂಕಿನಲ್ಲಿ ಅದೇ ಪಂಪ್ ತಿರುಗುತ್ತಿರುತ್ತದೆ. ಆ ಹೊಸಬರಿಗೆ ಪತ್ರ ಹೋಗಿರುವುದಿಲ್ಲ, ಅವರ ನಂಬರ್ ನಮ್ಮ ಹತ್ತಿರ ಇರುವುದಿಲ್ಲ. ಈಗ "ಯಾರಿಗೆ ಮಾರಿದ್ರಿ ಸರ್? ಅವರಿಗೆ ಒಂದು ಮಾತು ಮುಟ್ಟಿಸ್ತೀರಾ?" ಅಂತ ಕೇಳುತ್ತೇನೆ. ಅದೇ ಫೋನಿನಲ್ಲಿ ರೀಕಾಲ್ ವಿವರ ಮೆಸೇಜ್ ಮಾಡುತ್ತೇನೆ, ಅವರು ಮುಂದಕ್ಕೆ ಕಳಿಸಲಿ ಅಂತ. ಒಂದು ಗಾಡಿಗೆ ಹೀಗೆ ಮೂರು ಫೋನ್ ದಾಟಬೇಕಾಯಿತು. ಕೊನೆಗೆ ಸಿಕ್ಕವನು ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡಲು ಅದನ್ನೇ ಬಳಸುತ್ತಿದ್ದ. ರೀಕಾಲ್ ಅನ್ನೋ ಪದವನ್ನೇ ಅವನು ಕೇಳಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ದಯವಿಟ್ಟು ನೀವಾಗೇ ಒಂದು ಸಲ ಕೇಳಿ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ನೋಡಬಹುದು, ಇಲ್ಲಾ ಯಾವುದೇ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ಒಂದೇ ಮಾಡೆಲ್, ಒಂದೇ ಬಣ್ಣ, ಒಂದೇ ವರ್ಷದ ಎರಡು ಗಾಡಿಯಲ್ಲಿ ಒಂದು ಪಟ್ಟಿಯಲ್ಲಿರಬಹುದು, ಇನ್ನೊಂದು ಇಲ್ಲದಿರಬಹುದು. ಪಕ್ಕದ ಮನೆಯವರದ್ದಕ್ಕೆ ಬಂದಿಲ್ಲ ಅಂತ ಸುಮ್ನೆ ಕೂರಬೇಡಿ. ನಂಬರ್ 17 ಅಕ್ಷರ, ಅಂಕಿಗಳದ್ದು. ಅದರಲ್ಲಿ ಐ, ಓ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗಲಿಬಿಲಿ ಆಗಬಾರದು ಅಂತ. ನಿಮಗೆ ಓ ಅಂತ ಕಂಡದ್ದು ಸೊನ್ನೆ. ಬಾಯಲ್ಲಿ ಹೇಳುವುದಕ್ಕಿಂತ ಫೋಟೋ ಕಳಿಸಿದರೆ ನಮಗೆ ತಪ್ಪಾಗುವುದಿಲ್ಲ.

ಆ ಏರಿನಲ್ಲಿ ನಿಂತ ಗಾಡಿಯವರು ಈಗಲೂ ನಮ್ಮಲ್ಲೇ ಸರ್ವಿಸ್ ಮಾಡಿಸುತ್ತಾರೆ. ಬೇರೆ ಕಡೆ ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ. ಕಳೆದ ತಿಂಗಳು ಬಂದಾಗ ಕೀ ಕೊಡುವ ಮುಂಚೆ, "ಹೊಸದೇನಾದ್ರೂ ರೀಕಾಲ್ ಇದೆಯಾ ನೋಡಿ" ಅಂದರು. ಅವರ ಮುಂದೆಯೇ 17 ಅಕ್ಷರ ಒಂದೊಂದಾಗಿ ಹೊಡೆದೆ. ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಪೂರ್ತಿ ಓದಿದರು. ಆಮೇಲೆ ಕೀ ಕೊಟ್ಟರು.