ಮನೆಗೊಂದು ಕ್ವಿಲ್ಟಿಂಗ್ ಮಷೀನು

ಬಟ್ಟೆಯ ಪದರಗಳನ್ನು ಸೇರಿಸಿ ಹೊದಿಕೆ ಹೊಲಿಯುವ, ಉದ್ದ ತೋಳಿನ ಲಾಂಗ್ ಆರ್ಮ್ ಕ್ವಿಲ್ಟಿಂಗ್ ಮಷೀನುಗಳಲ್ಲಿ ಕುಳಿತು ಹೊಲಿಯುವ ಮಾದರಿಯನ್ನೇ ಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ಚೌಕಟ್ಟಿನ ಮೇಲೆ ಓಡುವ ದೊಡ್ಡ ಮಷೀನಿಗೆ 10–12 ಅಡಿ ಉದ್ದದ ಜಾಗ ಬೇಕು. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಅದು ಆಗದ ಮಾತು.

ನಾನು ಮುಖ್ಯವಾಗಿ ನೋಡುತ್ತಿರುವುದು ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಅಂತರವನ್ನು. ಸಾಮಾನ್ಯ ಹೊಲಿಗೆ ಯಂತ್ರದಲ್ಲಿ ಅದು 6–8 ಇಂಚು ಇರುವುದರಿಂದ, ಸುರುಳಿ ಸುತ್ತಿದ ಡಬಲ್ ಕಾಟ್ ಹೊದಿಕೆಯನ್ನು ಅಲ್ಲಿ ತೂರಿಸಿ ತಿರುಗಿಸುವಷ್ಟರಲ್ಲಿ ಭುಜ ಸೋತುಹೋಗುತ್ತದೆ. 16 ಇಂಚು ಸಿಕ್ಕರೆ ಕೈಯಾಡಿಸಲು ಧಾರಾಳ ಜಾಗ. ಕುಳಿತು ಹೊಲಿಯುವ ಮಾದರಿಯಲ್ಲಿ ಮಷೀನು ಮೇಜಿನಲ್ಲಿ ಸ್ಥಿರವಾಗಿದ್ದು, ಬಟ್ಟೆಯನ್ನು ನಾವೇ ಎರಡೂ ಅಂಗೈಗಳಿಂದ ಸರಿಸಬೇಕಾದ್ದರಿಂದ, ಹೊಲಿಗೆಯ ಉದ್ದ ಸಮನಾಗಿ ಬರಲು ಕೈಯ ವೇಗವೂ ಸೂಜಿಯ ವೇಗವೂ ಹೊಂದಬೇಕು. ಬಟ್ಟೆಯ ಚಲನೆಯನ್ನು ಗ್ರಹಿಸಿ ಸೂಜಿಯ ವೇಗವನ್ನು ತಾನೇ ಹೊಂದಿಸುವ ಸ್ಟಿಚ್ ರೆಗ್ಯುಲೇಟರಿಗೆ ಹೆಚ್ಚು ಹಣ ತೆರಲು ನನಗೆ ಬೇಸರವಿಲ್ಲ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ನಡುವಿನತ್ತ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ಮಷೀನಿನಲ್ಲಿ ಸುಕ್ಕು ಒಂದೆಡೆ ಸೇರದಂತೆ ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಹೊಲಿಯುವುದು ವಾಡಿಕೆ. ಯಾವ ಚೌಕಟ್ಟೂ ಇಲ್ಲದೆ ಅವರು ಪದರಗಳನ್ನು ಕದಲದಂತೆ ಹಿಡಿದಿಡುವ ಬಗೆ ನನ್ನಲ್ಲಿ ಅಪಾರ ಗೌರವ ಹುಟ್ಟಿಸುತ್ತದೆ.

ಇನ್ನೊಂದು ಮಾತು: ಅಮೆರಿಕದಿಂದ ತರಿಸುವ ಮಷೀನುಗಳು 120 ವೋಲ್ಟಿನವಾಗಿರಬಹುದು, ನಮ್ಮದು 230 ವೋಲ್ಟಿನ ವಿದ್ಯುತ್ತು. ಇಲ್ಲಿನ ವೋಲ್ಟೇಜಿಗೆ ತಯಾರಾದ, ಊರಲ್ಲೇ ರಿಪೇರಿಯಾಗುವ ಮಷೀನನ್ನು ಮಾತ್ರ ಕೊಳ್ಳುತ್ತೇನೆ.